ತಳ ಒಡೆದ ಬಟ್ಟಲು

ಲ್ಯಾಶ್ಲಿ ತೋಟ ನೋಡಲು ಹೋದವರಿಗೆ ಮೊದಲು ಸಿಗುವುದು ಒಂದು ದೆವ್ವ. ಹೆಬ್ಬಾಗಿಲ ಬಲಕ್ಕೆ ಹಿತ್ತಾಳೆ ಫಲಕದಲ್ಲಿ ಅದರ ಚರಿತ್ರೆ ಕೊರೆದಿದ್ದಾರೆ: 1862ರಲ್ಲಿ, ಮದುವೆಯ ದಿನವೇ, ವರ ಅಂತರ್ಯುದ್ಧದಲ್ಲಿ ಸತ್ತ ಸುದ್ದಿ ಬಂತು, ಎದೆಯೊಡೆದು ಸತ್ತ ಹುಡುಗಿ ಇಂದಿಗೂ ಮೇಣದಬತ್ತಿ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಇಸವಿ ಇದೆ, ಹೆಸರಿದೆ. ಅವಳು ಇಳಿಯುವ ಮೆಟ್ಟಿಲಿಗೆ ಯಾರೂ ಕಾಲಿಡದಂತೆ ಕೆಂಪು ಹಗ್ಗ ಕಟ್ಟಿದ್ದಾರೆ. ಆ ಹುಡುಗಿಯೊಬ್ಬಳು ಮಾತ್ರ ಯಾವ ಕಾಲದಲ್ಲೂ ಇರಲಿಲ್ಲ. ಅವಳು ಹುಟ್ಟಿದ್ದು ಈಗ ತೋಟ ನಡೆಸುವ ಪರಂಪರೆ ಸಂಘದ ಕರಪತ್ರದಲ್ಲಿ, ಹನ್ನೊಂದು ವರ್ಷದ ಹಿಂದೆ.

ಇದನ್ನು ನನಗೆ ಹೇಳಿದವರು ಓಜೆಲ್ಲಾ ಫೆನೆಲ್. ಹನ್ನೊಂದು ವರ್ಷವೂ ಶಾಲೆಯ ಮಕ್ಕಳನ್ನು ಆ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಆ ಕಥೆ ಹೇಳಿದವರೂ ಅವರೇ. “ಹೇಳು ಅಂದ್ರು, ಹೇಳ್ತೀನಿ. ಪಾಪ, ಬಿಳೀ ಹುಡುಗಿ, ಇಲ್ಲದೇ ಇದ್ರೂ ಎಷ್ಟ್ ಕಷ್ಟಪಡ್ತಾಳೆ ನೋಡು,” ಎಂದು ನಗುತ್ತಿದ್ದರು. ಈ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಕೌಂಟಿಯ ಪತ್ರಿಕೆ ಎರಡು ಸಾಲು ಹಾಕಿತು: ‘ಲ್ಯಾಶ್ಲಿ ಮನೆಯ ಹಳೆಯ ಕೆಲಸದಾಕೆ ನಿಧನ.’ ಅದೇ ಪತ್ರಿಕೆಯಲ್ಲಿ ಇಲ್ಲದ ಮದುವಣಗಿತ್ತಿಗೆ ಪ್ರತಿ ಅಕ್ಟೋಬರಿನಲ್ಲಿ, ದೆವ್ವಗಳ ಹಬ್ಬಕ್ಕೆ, ಅರ್ಧ ಪುಟ. ಉತ್ತರ ಕ್ಯಾರೊಲೈನಾದ ನಮ್ಮ ಮೂಲೆಯಲ್ಲಿ ದೆವ್ವವಾಗುವುದಕ್ಕೂ ಬಿಳಿ ಚರ್ಮ ಬೇಕು.

ಮಿಸ್ ಓಜೆಲ್ಲಾ ಹುಟ್ಟಿದ್ದೇ ಆ ತೋಟದಲ್ಲಿ, 1910ರಲ್ಲಿ. ದೊಡ್ಡ ಮನೆಯ ಹಿಂದೆ ಹಂದಿಮಾಂಸ ಒಣಗಿಸುವ ಹೊಗೆಮನೆ. ಅದರ ಕೆಳಗೆ ನೀರಿನ ಒರತೆಯ ಮೇಲೆ ಕಟ್ಟಿದ ಹಾಲುಮನೆ. ಆಮೇಲೆ ಮೆಕ್ಕೆಜೋಳದ ಕಣಜ, ಹೊಗೆಸೊಪ್ಪು ಬೇಯಿಸುವ ಎತ್ತರದ ಕಟ್ಟಡ, ಬ್ಯಾರನ್. ಇವನ್ನೆಲ್ಲ ದಾಟಿದರೆ ಮರದ ದಿಮ್ಮಿಗಳ ಒಂದೇ ಕೋಣೆಯ ಗುಡಿಸಲು. ಅವರ ಅಜ್ಜಿ ವೈನಿ ಅಲ್ಲಿ ಗುಲಾಮಳಾಗಿ ಹುಟ್ಟಿದರು. ಗುಲಾಮಗಿರಿ ಹೋದ ಮೇಲೂ ಹೋಗಲು ಜಾಗವಿಲ್ಲದೆ ಅಲ್ಲೇ ಉಳಿದರು. ಈಗ ಗುಡಿಸಲಿನ ಬಾಗಿಲ ಮೇಲೆ ‘ತೋಟದ ಸಾಮಾನು ಮನೆ’ ಎಂದು ಬರೆದಿದೆ. ಮೂರು ತಲೆಮಾರು ಹೆತ್ತು, ಅತ್ತು, ಸತ್ತ ಕೋಣೆಯಲ್ಲಿ ಸಂಘದವರು ಎರಡು ಕುಂಟೆ, ಒಂದು ಕುಡುಗೋಲು ನೇತುಹಾಕಿದ್ದಾರೆ.

ಎಂಟಕ್ಕೆ ಅಡುಗೆಮನೆ ಸೇರಿದರು. ತಮಗಿಂತ ಆರು ವರ್ಷಕ್ಕೆ ಚಿಕ್ಕವರಾದ ಬ್ಲಾಂಚ್ ಲ್ಯಾಶ್ಲಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದರು. ಇಪ್ಪತ್ತಕ್ಕೆ ಏಸಾ ಫೆನೆಲ್‌ನನ್ನು ಮದುವೆಯಾದರು. ಒಂದೇ ಮಗು, ಹೆಣ್ಣು, ಪರ್ಲಿ. ಆ ಮಗುವಿಗೆ ಒಂದು ಅಭ್ಯಾಸವಿತ್ತು: ಮಜ್ಜಿಗೆ ಬೇಕಾದಾಗ ಹಾಲುಮನೆಯ ಕಲ್ಲಿನ ಕಟ್ಟೆಗೆ ತನ್ನ ನೀಲಿ ಹಿಡಿಯ ಪಿಂಗಾಣಿ ಬಟ್ಟಲನ್ನು ಮೂರು ಸಲ ಬಡಿಯುವುದು. ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಬಡಿಯುತ್ತಿತ್ತು. 1934ರ ಚಳಿಗಾಲದಲ್ಲಿ, ಮೂರು ತುಂಬುವ ಮುಂಚೆಯೇ, ಗಂಟಲುಮಾರಿ ಬಂದು ಮಗು ತೀರಿಕೊಂಡಿತು. ಏಸಾ ಅದಾದ ಮೇಲೆ ಬಾಲ್ಟಿಮೋರಿನ ಹಡಗುಕಟ್ಟೆಗೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಮಿಸ್ ಓಜೆಲ್ಲಾ ಎಲ್ಲಿಗೂ ಹೋಗಲಿಲ್ಲ. ಯಾಕೆಂದು ಬಿಳಿಯರು ಕೇಳಿದರೆ “ಇಲ್ಲೇ ಅಭ್ಯಾಸ ಆಗಿದೆ” ಎನ್ನುತ್ತಿದ್ದರು. ನಮ್ಮವರು ಯಾರೂ ಕೇಳುತ್ತಿರಲಿಲ್ಲ. ನಮಗೆ ಗೊತ್ತಿತ್ತು.

ಬ್ಯಾರನ್ನಿನ ಹಿಂದೆ ಹಿಕರಿ ಮರಗಳ ತೋಪಿದೆ. ನಮ್ಮವರೆಲ್ಲ ಇರುವುದು ಅಲ್ಲಿ. ಲ್ಯಾಶ್ಲಿಗಳ ಸ್ಮಶಾನ ದಿಬ್ಬದ ಮೇಲಿದೆ, ಅಮೃತಶಿಲೆ, ಸುತ್ತ ಕಬ್ಬಿಣದ ಬೇಲಿ. ನಮ್ಮವರದ್ದಕ್ಕೆ ಹೊಲದಿಂದ ಹೊತ್ತು ತಂದ ಕಾಡುಗಲ್ಲು, ತಲೆಗೊಂದು, ಕಾಲಿಗೊಂದು. ನೆಲದ ಮೇಲೆ ನೀಲಿ ಹೂವಿನ ಬಳ್ಳಿ. ತಲೆಯ ಕಡೆ ಕತ್ತಿಯಂಥ ಎಲೆಯ ಯಕ್ಕಾ ಗಿಡ, ಸತ್ತವರು ಎದ್ದು ಅಲೆಯದಿರಲಿ ಎಂದು. ಮಣ್ಣಿನ ಮೇಲೆ ಸತ್ತವರು ಕಡೆಯದಾಗಿ ಮುಟ್ಟಿದ ತಟ್ಟೆ, ಬಟ್ಟಲು. ಇಡುವ ಮುಂಚೆ ಅವುಗಳ ತಳ ಒಡೆಯಬೇಕು. ಒಡೆದರೆ ಸಾವಿನ ಸಾಲು ಅಲ್ಲಿಗೆ ತುಂಡಾಯಿತು. ಒಡೆಯದೆ ಇಟ್ಟರೆ ಸತ್ತವರು ಅದೇ ಮನೆಯಿಂದ ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರೆ.

ಇನ್ನೊಂದು ಕಟ್ಟಳೆ. ಸಮಾಧಿಯ ಕಡೆ ಬೆರಳು ಮಾಡಬಾರದು, ಬೆರಳು ಕೊಳೆಯುತ್ತದೆ. ಐದು ವರ್ಷದ ಓಜೆಲ್ಲಾ ಒಮ್ಮೆ “ಅಲ್ಲಿ ಯಾರಿದಾರೆ?” ಎಂದು ಕೈ ಎತ್ತಿದ್ದಕ್ಕೆ ವೈನಿಯಜ್ಜಿ ಆ ಬೆರಳನ್ನು ಹಿಡಿದು ರಕ್ತ ಬರುವಂತೆ ಕಚ್ಚಿದ್ದರಂತೆ. ತೋಪಿಗೆ ಕಾಲುದಾರಿ ಸವೆಯಲೂ ಬಿಡುತ್ತಿರಲಿಲ್ಲ. ಪ್ರತಿ ಸಲ ಬೇರೆ ಕಡೆಯಿಂದ ಹೋಗಬೇಕು. ಯಜಮಾನರಿಗೆ ಗೊತ್ತಾದರೆ ಉಳುತ್ತಾರೆ ಎಂಬ ಭಯಕ್ಕೆ ನಮ್ಮ ಹಿರಿಯರು ಕಟ್ಟಿಕೊಂಡ ಕಾವಲು ಅದು. ನೂರು ವರ್ಷ ಅದೇ ಕಾಪಾಡಿತು. ಕಡೆಗೆ ಅದೇ ಮುಳುಗಿಸುವುದರಲ್ಲಿತ್ತು.

1975ರಲ್ಲಿ ತೋಟ ಪರಂಪರೆ ಸಂಘದ ಕೈಗೆ ಬಂತು. ಬ್ಲಾಂಚ್ ಲ್ಯಾಶ್ಲಿ ಅದರ ಅಧ್ಯಕ್ಷೆಯಾದರು. ಬೀಗದ ಕೈ ಗೊಂಚಲು ಮಿಸ್ ಓಜೆಲ್ಲಾರ ಸೊಂಟಕ್ಕೆ ಬಂತು. ಒಂಬತ್ತು ಕೈ. ಹೊಗೆಮನೆಯದ್ದು ಅಂಗೈ ಉದ್ದದ ಕಬ್ಬಿಣದ್ದು. ಯಾವ ಬಾಗಿಲು ಮಳೆಗಾಲದಲ್ಲಿ ಊದುತ್ತದೆ, ಯಾವ ಹಲಗೆ ಕಿರುಗುಟ್ಟುತ್ತದೆ ಎಂದು ಅವರ ಪಾದಕ್ಕೇ ಗೊತ್ತಿತ್ತು.

ಕಳೆದ ವರ್ಷ ಮಾರ್ಚಿನಲ್ಲಿ ಜಮೀನು ಅಳೆಯುವ ಮೋಜಣಿದಾರ ಡ್ವೈಟ್ ಕೋಬಲ್ ಬಂದ. ಬಿಳಿಯ ಹುಡುಗ, ಮರ್ಯಾದಸ್ಥ, ಹ್ಯಾಟು ತೆಗೆದು ಮಾತಾಡುವವನು. ನೋಡಲು ಬರುವವರ ಕಾರು ನಿಲ್ಲಿಸಲು ಜಾಗ ಬೇಕಿತ್ತು. ತೋಟದ ಹೊಸ ನಕ್ಷೆ ಬರೆಯುತ್ತಿದ್ದ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಮಿಸ್ ಓಜೆಲ್ಲಾರನ್ನು ಕೇಳಿದ:

“ಅಮ್ಮಾ, ಆ ಬೇಲಿಯೊಳಗಿರೋರನ್ನ ಬಿಟ್ಟು ಇಲ್ಲಿ ಬೇರೆ ಯಾರನ್ನಾದ್ರೂ ಹೂಳಿದಾರಾ? ಇದ್ರೆ ಸ್ವಲ್ಪ ತೋರಿಸ್ತೀರಾ?”

ಮಿಸ್ ಓಜೆಲ್ಲಾ ಎರಡೂ ಕೈ ಮಡಿಲ ಬಟ್ಟೆಯ ಕೆಳಗೆ ಬಚ್ಚಿಟ್ಟುಕೊಂಡರು. “ತೋರ್ಸೋಕೆ ಏನೂ ಇಲ್ಲ ಸಾರ್.”

ಅವನು ‘ಇಲ್ಲ’ ಎಂದು ಬರೆದುಕೊಂಡ.

ಸೆಪ್ಟೆಂಬರಿನಲ್ಲಿ ಅವರು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮೂರು ವಾರ ಊರಲ್ಲಿ, ನನ್ನ ಮನೆಯ ಪಕ್ಕದ ತಮ್ಮ ಮನೆಯಲ್ಲೇ ಇದ್ದರು. ಅಕ್ಟೋಬರಿನ ಮೊದಲ ಸೋಮವಾರ ಬೆಳಿಗ್ಗೆ ನಾನೇ ನನ್ನ ಟ್ರಕ್ಕಿನಲ್ಲಿ ಅವರನ್ನು ತೋಟಕ್ಕೆ ಬಿಡಲು ಹೋದೆ. ದೊಡ್ಡ ಮನೆಯಿಂದ ಹೊಗೆಮನೆಗೆ ಹೊಸದಾಗಿ ದಾರಿ ಮಾಡಿದ್ದರು. ಎರಡೂ ಬದಿ ಕಾಡುಗಲ್ಲಿನ ಅಂಚು, ಮುದ್ದಾಗಿತ್ತು. ಮಿಸ್ ಓಜೆಲ್ಲಾ ನಿಂತುಬಿಟ್ಟರು.

“ಲೆಮ್, ಹುಲ್ಲಿನ್ ಮೇಲೆ ನಡಿ. ದಾರಿ ತುಳೀಬೇಡ.”

“ಇಬ್ಬನಿ ಇದೆ ಮಿಸ್ ಓಜೆಲ್ಲಾ. ಮತ್ತೆ ಜಾರ್ತೀರ.”

“ಜಾರ್ಲಿ ಬಿಡು. ನಮ್ಮಮ್ಮನ್ ತಲೆ ಪಕ್ಕ ಕಾಲಿಡೋದಕ್ಕಿಂತ ಅದೇ ವಾಸಿ.”

ಎಡಗಡೆ ಮೂರನೆಯ ಕಲ್ಲು ಅವರಮ್ಮನ ಸಮಾಧಿಯ ತಲೆಗಲ್ಲು. ಅದರ ಮೂಲೆಯಲ್ಲಿ ಅವರಪ್ಪ ಉಳಿಯಿಂದ ಹೊಡೆದ ಶಿಲುಬೆಯ ಗುರುತು. ನಾನು ತೋಪಿನ ಕಡೆ ನೋಡಿದೆ. ಬಳ್ಳಿ ಕೆರೆದು ಹಾಕಿದ್ದರು. ಯಕ್ಕಾ ಗಿಡಗಳನ್ನು ಬುಡಕ್ಕೆ ಕಡಿದಿದ್ದರು. ಕಡಿಯಲೆಂದು ಮರಗಳಿಗೆ ಬಿಳಿ ಬಣ್ಣದ ಗುರುತು ಬಿದ್ದಿತ್ತು. ಕಾರು ನಿಲ್ಲಿಸಲು ಆರಿಸಿದ ಜಾಗ ಅದೇ. ನನ್ನ ಅಜ್ಜಿಯ ಅಣ್ಣನೂ ಅಲ್ಲಿದ್ದ. ಎಲ್ಲಿ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಅಡುಗೆಮನೆಯೊಳಗೆ ಹೋದೆವು. ಅಲ್ಲೊಂದು ಹೊಸ ಗಾಜಿನ ಪೆಟ್ಟಿಗೆ. ಅದರ ಬೀಗದ ಕೈ ಪಕ್ಕದ ಮೊಳೆಯಲ್ಲಿ ಅವರ ಗೊಂಚಲಿಗಾಗಿ ಕಾದಿತ್ತು. ತೋಪು ಕೆರೆದಾಗ ಸಿಕ್ಕ ಪಿಂಗಾಣಿಯನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರು. ನಡುವೆ, ಕೆಂಪು ಮಖಮಲ್ಲಿನ ಮೇಲೆ, ನೀಲಿ ಹಿಡಿಯ ಪುಟ್ಟ ಬಟ್ಟಲು. ಕಾರ್ಡಿನಲ್ಲಿ ‘ಲ್ಯಾಶ್ಲಿ ಕುಟುಂಬದ ಮಗುವಿನ ಬಟ್ಟಲು’ ಎಂದಿತ್ತು. ಪಟ್ಟಣದಿಂದ ತಜ್ಞರನ್ನು ಕರೆಸಿ, ಚೂರುಗಳನ್ನು ಹೆಕ್ಕಿ, ಒಡೆದ ತಳವನ್ನು ಅಂಟಿನಿಂದ ಕೂಡಿಸಿದ್ದರು. ಒಳ್ಳೆಯ ಕೆಲಸ. ಬಿರುಕು ಕಾಣುತ್ತಲೇ ಇರಲಿಲ್ಲ.

ಮಿಸ್ ಓಜೆಲ್ಲಾ ಗಾಜಿಗೆ ಹಣೆ ಹಚ್ಚಿದರು. ಹಿಂದಕ್ಕೆ ಸರಿದಾಗ ಅವರ ಮುಖದಲ್ಲಿದ್ದುದನ್ನು ನಾನು ಮೊದಲು ನೋಡಿರಲಿಲ್ಲ.

“ಸೇರ್ಸ್‌ಬಿಟ್ರು,” ಎಂದರು. “ಐವತ್ತೆರಡ್ ವರ್ಷದ್ ಹಿಂದೆ ನನ್ ಕೈಯಾರೆ ಒಡೆದಿದ್ದು. ಸೇರ್ಸ್‌ಬಿಟ್ರಲ್ಲೋ ಲೆಮ್.”

ಆಗ ಕೇಳಿಸಿತು. ಟಕ್. ಟಕ್. ಟಕ್. ನಾನು ಗೋಡೆಯ ಗಡಿಯಾರ ನೋಡಿದೆ. ಅದರ ಲೋಲಕ ನಿಂತಿತ್ತು. ಆ ಮನೆಯ ಗಡಿಯಾರಗಳೆಲ್ಲ ನಿಂತವೇ, ಬರೀ ಚೆಂದಕ್ಕೆ. ಹೊರಗೆ ಮರಕುಟಿಗ ಇದ್ದಿರಬಹುದು. ಇತ್ತೆಂದೇ ನಾನು ನನಗೆ ಹೇಳಿಕೊಂಡೆ. ಮಿಸ್ ಓಜೆಲ್ಲಾ ಮಾತ್ರ ಏನೂ ಹೇಳಿಕೊಳ್ಳಲಿಲ್ಲ. “ಬಂದೆ ಇರೇ,” ಎಂದರು, ಮೆಲ್ಲಗೆ, ಪೆಟ್ಟಿಗೆಗೆ.

ಬ್ಲಾಂಚ್ ಲ್ಯಾಶ್ಲಿ ಮುಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಎದುರಿಗೆ ಇನ್ನೊಂದು ಕುರ್ಚಿ ಇತ್ತು. ಎಪ್ಪತ್ತಾರು ವರ್ಷದ, ಸೊಂಟ ನೊಂದ ಹೆಂಗಸಿಗೆ ಕೂರು ಎನ್ನಲಿಲ್ಲ.

“ಮಿಸ್ ಬ್ಲಾಂಚ್, ಆ ತೋಪಲ್ಲಿ ನಮ್ಮವರಿದಾರೆ. ಯಂತ್ರ ಬರೋದು ಬೇಡ.”

“ಯಾರಿದಾರೆ?”

“ನಮ್ಮಮ್ಮ. ವೈನಿಯಜ್ಜಿ. ಇನ್ನೂ ಜನ. ನನ್ ಮಗು.”

ಅವರು ಕಾಫಿ ಕೆಳಗಿಟ್ಟರು. “ಓಜೆಲ್ಲಾ, ಅಲ್ಲಿ ಹಂಗೇನಾದ್ರೂ ಇದ್ದಿದ್ರೆ ಡ್ಯಾಡಿ ನನಗೆ ಹೇಳ್ತಿರ್ಲಿಲ್ವಾ?”

“ನಿಮ್ಮಪ್ಪನಿಗೆ ನಾವು ಹೇಳಿದ್ರೆ ತಾನೆ.”

“ನೋಡು, ಮಾರ್ಚಲ್ಲಿ ಆ ಹುಡುಗ ಕೇಳ್ದಾಗ ಇಲ್ಲ ಅಂದಿದ್ದು ನೀನೇ. ನಕ್ಷೆ ಆಗೋಯ್ತು. ಗುರುವಾರ ಬುಲ್ಡೋಜರ್ ಬರುತ್ತೆ. ಈಗ ಒಂದೊಂದ್ ಕಲ್ಲಿಗೂ ಒಂದೊಂದ್ ಕಥೆ ಹೇಳಿದ್ರೆ ನಾನೇನ್ ಮಾಡ್ಲಿ? ನಿನಗೆ ಜ್ವರ ಏನಾದ್ರೂ ಇದ್ಯಾ?”

“ಕಥೆ ಹೇಳು ಅಂತ ನನಗೆ ಕಲ್ಸಿದ್ದೇ ನೀವು. ಮೆಟ್ಲಿಳಿಯೋ ಹುಡುಗೀದು,” ಎಂದರು ಮಿಸ್ ಓಜೆಲ್ಲಾ. “ಇದು ಕಥೆ ಅಲ್ಲ. ಹೋಗ್ಲಿ, ಆ ಬಟ್ಲಾದ್ರೂ ಕೊಡಿ.”

“ಅದು ಸಂಘದ್ದು ಕಣೆ. ಸಮಿತಿ ಕೂತು ತೀರ್ಮಾನ ಮಾಡ್ಬೇಕು. ಡಿಸೆಂಬರಲ್ಲಿ ಕೂರ್ತೀವಿ.”

ಬ್ಲಾಂಚ್ ಲ್ಯಾಶ್ಲಿ ಕೆಟ್ಟವರಲ್ಲ ಎಂದು ಊರಲ್ಲಿ ಹೇಳುತ್ತಾರೆ. ಕ್ರಿಸ್‌ಮಸ್ಸಿಗೆ ಎಲ್ಲರ ಮನೆಗೂ ಹಂದಿತೊಡೆ ಕಳಿಸುತ್ತಾರಂತೆ. ಕಳಿಸುತ್ತಾರೆ, ನಾನೂ ತಿಂದಿದ್ದೇನೆ. ತನ್ನನ್ನು ಎತ್ತಿ ಬೆಳೆಸಿದವಳು ‘ನನ್ನ ಮಗು’ ಎಂದಾಗ ‘ನಿನಗೊಂದು ಮಗು ಇತ್ತಾ’ ಎಂದು ಕೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ನನ್ನ ಸಿಟ್ಟು ಅದರ ಮೇಲೆ, ಇಂದಿಗೂ.

ಟ್ರಕ್ಕಿನಲ್ಲಿ ವಾಪಸು ಬರುವಾಗ ಸಿಟ್ಟು ಮಿಸ್ ಓಜೆಲ್ಲಾರ ಮೇಲೂ ತಿರುಗಿತು. “ಮಾರ್ಚಲ್ಲೇ ಯಾಕೆ ಹೇಳ್ಲಿಲ್ಲ ನೀವು? ಒಂದ್ ಬೆರಳೆತ್ತಿದ್ರೆ ಮುಗೀತಿತ್ತು.”

“ಆ ಬೆರಳನ್ನೇ ಎತ್ಬಾರ್ದು ಅಂತ ಕಲ್ಸಿದ್ದಲ್ವಾ.”

“ಬೆರಳು ಕೊಳೆಯುತ್ತೆ ಅಂತ ಈಗ್ಲೂ ನಂಬ್ತೀರಾ?”

“ನೀನು ನಂಬಲ್ವಾ?”

“ಇಲ್ಲ.”

“ಹಂಗಾದ್ರೆ ತಿರುಗ್ಸು ಗಾಡಿ. ಹೋಗಿ ನೀನೇ ತೋರ್ಸು.”

ನಾನು ಗಾಡಿ ತಿರುಗಿಸಲಿಲ್ಲ. ತೋರಿಸಲು ನನಗೇನೂ ಗೊತ್ತಿರಲಿಲ್ಲ, ಅದು ಒಂದು. ಸ್ಟೀರಿಂಗ್ ಮೇಲಿದ್ದ ಬೆರಳುಗಳು ತಾವಾಗಿ ಮಡಚಿಕೊಂಡಿದ್ದವು, ಅದು ಇನ್ನೊಂದು. ಮಿಸ್ ಓಜೆಲ್ಲಾ ಅದನ್ನು ನೋಡಿ ನಕ್ಕರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

“ಅವಳು ಕರೀತಿದಾಳೆ ಲೆಮ್. ಕರ್ಕೊಳ್ಳೋಕೆ ನನ್ ಮನೇಲಿ ಇನ್ಯಾರಿದಾರೆ? ನಾನೊಬ್ಳೇ. ಹೋಗೋಕೆ ಭಯ ಇಲ್ಲ. ಆದ್ರೆ ಅವಳ ಮೇಲೆ ಕಾರ್ ನಿಲ್ಸಿದ್ರೆ ಎಲ್ಲಿಗಂತ ಹೋಗ್ಲಿ?”

ಮಂಗಳವಾರ, ಬುಧವಾರ ಅವರು ಕೆಲಸಕ್ಕೆ ಹೋಗಲಿಲ್ಲ. ನಾನು ಹಿಂದಿನ ಬಾಗಿಲಿಂದ ಇಣುಕಿದಾಗಲೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕೂತು, ಬಲಗೈಯನ್ನು ಮುಂದೆ ಚಾಚಿಟ್ಟುಕೊಂಡು ನೋಡುತ್ತಿದ್ದರು. ನಾನು ಕೋಬಲ್‌ಗೆ ಫೋನು ಮಾಡಿದೆ. ಅವನು, “ನನ್ ಕಣ್ಮುಂದೆ ಯಾರಾದ್ರೂ ಇದು ಇಂಥವರದ್ದು ಅಂತ ತೋರಿಸ್ಬೇಕು ಸಾರ್. ನಕ್ಷೇಲಿ ಬಂದ್ರೆ ಯಂತ್ರ ನಿಲ್ಲಲೇಬೇಕು. ಸುಮ್ನೆ ‘ಆ ತೋಪಲ್ಲಿ ಎಲ್ಲೋ’ ಅಂದ್ರೆ ಆಗಲ್ಲ,” ಎಂದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬುಲ್ಡೋಜರ್ ಬಂತು. ಮಿಸ್ ಓಜೆಲ್ಲಾ ಭಾನುವಾರದ ಉಡುಪು ಹಾಕಿಕೊಂಡು, ಚರ್ಚಿನ ಟೋಪಿ ಇಟ್ಟುಕೊಂಡು, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿ ನನ್ನ ಟ್ರಕ್ಕಿನಿಂದಿಳಿದರು. ಕೋಬಲ್ ಮರದ ಗೂಟಗಳ ಕಟ್ಟು ಹಿಡಿದು ನಿಂತಿದ್ದ. ಬ್ಲಾಂಚ್ ಲ್ಯಾಶ್ಲಿ ಬ್ಯಾರನ್ನಿನ ಹತ್ತಿರ ಬಂದು ನಿಂತರು. ಯಂತ್ರದವನು ಎಂಜಿನ್ ಆರಿಸದೆ ಸಿಗರೇಟು ಹಚ್ಚಿದ.

“ಅದನ್ ಆರ್ಸಕ್ ಹೇಳು,” ಎಂದರು ಮಿಸ್ ಓಜೆಲ್ಲಾ. “ಅವರಿಗೆ ನನ್ ದನಿ ಕೇಳ್ಬೇಕು.”

ಯಾರಿಗೆ ಎಂದು ಕೋಬಲ್ ಕೇಳಲಿಲ್ಲ. ಹೋಗಿ ಎಂಜಿನ್ ಆಫ್ ಮಾಡಿಸಿದ.

ಕಲ್ಲು ಹೋಗಿದ್ದರೂ ನೆಲಕ್ಕೆ ನೆನಪಿತ್ತು. ಒಬ್ಬ ಮನುಷ್ಯ ಮಲಗುವಷ್ಟು ಉದ್ದಕ್ಕೆ, ಪೂರ್ವ ಪಶ್ಚಿಮವಾಗಿ, ಅಲ್ಲಲ್ಲಿ ಮಣ್ಣು ಒಳಕ್ಕೆ ಕುಸಿದಿತ್ತು. ಕಡಿದ ಯಕ್ಕಾ ಬುಡಗಳಲ್ಲಿ ಹಸಿರು ಮೊನೆಗಳು ಮತ್ತೆ ಎದ್ದಿದ್ದವು. ಮಿಸ್ ಓಜೆಲ್ಲಾ ಮೊದಲ ಕುಸಿತದ ಮುಂದೆ ನಿಂತರು. ತೋರುಬೆರಳು ಬಿಚ್ಚಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡಿತೋ.

“ವೈನಿ,” ಎಂದು ಬೆರಳು ಮಾಡಿದರು. ಕೂಡಲೇ ಆ ಬೆರಳನ್ನು ಬಾಯಿಗಿಟ್ಟು ಕಚ್ಚಿದರು. “ಗೂಟ ಹೊಡಿ ಸಾರ್.”

ಕೋಬಲ್ ಗೂಟ ಹೊಡೆದು ಕಿತ್ತಳೆ ಪಟ್ಟಿ ಕಟ್ಟಿದ.

“ಡಾರ್ಕಸ್, ನಮ್ಮಮ್ಮ.” ಕಚ್ಚಿದರು. “ಟೋಬಿಯಸ್. ಹೊಗೆಸೊಪ್ಪಿನ್ ಬ್ಯಾರನ್ ಸೂರಿಂದ ಬಿದ್ದವನು. ಲೆಮ್, ಇಲ್ ನೋಡು, ನಿನ್ ಅಜ್ಜಿ ಅಣ್ಣ ಇವನೇ. ಬಾಯ್ ಮುಚ್ಚು, ನೊಣ ಹೋಗುತ್ತೆ.” ಹೀಗೆ ಹದಿನಾರು. ಹೆಸರಿಲ್ಲದೆ ಸತ್ತ ಎರಡು ಹಸುಗೂಸುಗಳಿಗೆ “ಸೆಲಿಯಾಳ ಮೊದಲ್ನೇದು, ಸೆಲಿಯಾಳ ಎರಡ್ನೇದು” ಎಂದರು. ಬೆರಳ ಚರ್ಮ ಒಡೆದು ರಕ್ತ ಬಂದಿತ್ತು. ಕೋಬಲ್ ಕರವಸ್ತ್ರ ಚಾಚಿದ. ತೆಗೆದುಕೊಳ್ಳಲಿಲ್ಲ.

ಹದಿನೇಳನೆಯದು ದೊಡ್ಡ ಹಿಕರಿಯ ಬುಡದಲ್ಲಿತ್ತು, ಎರಡು ಮೊಳಕ್ಕಿಂತ ಸ್ವಲ್ಪ ಉದ್ದ. ಅಲ್ಲಿ ಬೆರಳು ಮಾಡಲಿಲ್ಲ. “ಇರಿ,” ಎಂದು ತಿರುಗಿ ದೊಡ್ಡ ಮನೆಯ ಕಡೆ ನಡೆದರು, ಹುಲ್ಲಿನ ಮೇಲೆ. ಕೈಗೊಂಚಲಿನ ಸದ್ದು ದೂರ ಹೋಯಿತು, ಸ್ವಲ್ಪ ಹೊತ್ತಿಗೆ ಹತ್ತಿರ ಬಂತು. ಅವರ ಅಂಗೈಯಲ್ಲಿ ನೀಲಿ ಹಿಡಿಯ ಬಟ್ಟಲಿತ್ತು.

ಬ್ಲಾಂಚ್ ಲ್ಯಾಶ್ಲಿ ಅಡ್ಡ ಬಂದರು. “ಓಜೆಲ್ಲಾ! ಅದು ಪೆಟ್ಟಿಗೇಲಿತ್ತು. ಬೀಗ ಹಾಕಿತ್ತು.”

“ಹೌದು. ಬೀಗದ್ ಕೈ ಕೊಟ್ಟೋರ್ಯಾರು?”

“ಇದಕ್ಕೆ ನಿನ್ನ ಕೆಲಸ ಹೋಗುತ್ತೆ, ಗೊತ್ತಾ?”

“ಹೋಗ್ಲಿ, ಪಕ್ಕಕ್ ಬಾ ಬ್ಲಾಂಚ್. ನನ್ ಮಗು ಮೇಲೆ ನಿಂತಿದೀಯ.”

‘ಮಿಸ್’ ಇರಲಿಲ್ಲ, ‘ನೀವು’ ಇರಲಿಲ್ಲ. ಎಪ್ಪತ್ತು ವರ್ಷದಲ್ಲಿ ಅದೇ ಮೊದಲು. ಬ್ಲಾಂಚ್ ಲ್ಯಾಶ್ಲಿ ಕಾಲಡಿ ನೋಡಿಕೊಂಡು, ಬಿಸಿ ತಗಲಿದವರಂತೆ ಹಿಂದಕ್ಕೆ ಜಿಗಿದರು.

ಮಿಸ್ ಓಜೆಲ್ಲಾ ನನ್ನ ತೋಳು ಹಿಡಿದು ಮೊಣಕಾಲೂರಿದರು. ಬಟ್ಟಲನ್ನು ಬೋರಲು ಹಾಕಿ, ಹೊಗೆಮನೆಯ ಆ ಕಬ್ಬಿಣದ ಕೈ ಎತ್ತಿ, ತಳಕ್ಕೆ ಬಡಿದರು. ಒಂದು. ಎರಡು. ಮೂರನೆಯದಕ್ಕೆ ಒಡೆಯಿತು. ನೆಟ್ಟಗೆ ತಿರುಗಿಸಿ ಮಣ್ಣಿನ ಮೇಲಿಟ್ಟರು.

“ಸಾಕು ಬಡೀಬೇಡ, ಕೇಳಿಸ್ತು,” ಎಂದರು ಮಣ್ಣಿಗೆ. “ಈಗ್ಲೇ ಬರಕ್ಕಾಗಲ್ಲ ಕಣೇ. ಕಲ್ಲುಗಳ್ನ ವಾಪಸ್ ತರ್ಸೋ ಕೆಲ್ಸ ಇದೆ.”

ಕೋಬಲ್ ಹದಿನೇಳನೆಯ ಗೂಟ ಹೊಡೆದ. ಸುತ್ತಿಗೆ ಎತ್ತುವ ಮುಂಚೆ ಹ್ಯಾಟು ತೆಗೆದು ಕೆಳಗಿಟ್ಟಿದ್ದ.

ಯಂತ್ರ ವಾಪಸು ಹೋಯಿತು. ಕಾರುಗಳು ಈಗ ಕಣಜದ ಪಕ್ಕ ನಿಲ್ಲುತ್ತವೆ. ಕಲ್ಲುಗಳನ್ನು ನಾನೂ ಚರ್ಚಿನ ನಾಲ್ಕು ಜನವೂ ಎರಡು ಶನಿವಾರ ಹೊತ್ತೆವು. ಯಾವುದು ಯಾರದ್ದು ಎಂದು ಮಿಸ್ ಓಜೆಲ್ಲಾ ಕುರ್ಚಿ ಹಾಕಿಸಿಕೊಂಡು ಕೂತು ಹೇಳಿದರು. ಅದಾಗಲೇ ಕೆಲಸ ಹೋಗಿತ್ತು, ಕೈಗೊಂಚಲು ಕೊಟ್ಟಾಗಿತ್ತು. ನಾಲ್ಕು ತಿಂಗಳು ಬದುಕಿದ್ದರು. ಬೆರಳು ಕೊಳೆಯಲಿಲ್ಲ, ಗಾಯದ ಗುರುತು ಮಾತ್ರ ಉಳಿದಿತ್ತು. ಹಿಕರಿಯ ಬುಡದಲ್ಲಿ, ಪರ್ಲಿಯ ಪಕ್ಕದಲ್ಲಿ ಅವರನ್ನಿಟ್ಟೆವು. ಅವರು ಕಡೆಯದಾಗಿ ಕಾಫಿ ಕುಡಿದ ಲೋಟದ ತಳ ನಾನೇ ಒಡೆದೆ.

ಸಂಘದ ಹೊಸ ಕರಪತ್ರದಲ್ಲಿ ತೋಪಿಗೆ ಒಂದು ಸಾಲು ಸಿಕ್ಕಿದೆ: ‘ಇಲ್ಲಿ ಕೆಲವು ಸೇವಕರ ಸಮಾಧಿಗಳಿವೆ ಎಂದು ಹೇಳಲಾಗುತ್ತದೆ.’ ಹದಿನೇಳು ಹೆಸರು ಮೋಜಣಿದಾರನ ನಕ್ಷೆಯಲ್ಲಿದ್ದರೂ ‘ಹೇಳಲಾಗುತ್ತದೆ.’ ಮದುವಣಗಿತ್ತಿ ಮಾತ್ರ ಇಂದಿಗೂ ಮೆಟ್ಟಿಲು ‘ಇಳಿಯುತ್ತಾಳೆ.’

ಕಳೆದ ತಿಂಗಳು ಅಡುಗೆಮನೆಗೆ ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಬಟ್ಟಲಿನ ದುಂಡು ಗುರುತು ಹಾಗೇ ಇದೆ, ಕಾರ್ಡೂ ಇದೆ, ಬಟ್ಟಲಿಲ್ಲ. ಹೊಸ ಮಾರ್ಗದರ್ಶಿ ಹುಡುಗಿ ಮಕ್ಕಳ ಗುಂಪನ್ನು ಹತ್ತಿರ ಕರೆದು, ದನಿ ತಗ್ಗಿಸಿ ಹೇಳುತ್ತಿದ್ದಳು: “ಇಲ್ಲೊಂದು ಬಟ್ಲಿತ್ತು, ಗೊತ್ತಾ? ಬೀಗ ಹಾಕಿದ್ದ ಪೆಟ್ಟಿಗೆಯಿಂದ ಮಾಯ ಆಗೋಯ್ತು. ಯಾರು ತಗೊಂಡಿರ್ಬಹುದು ಹೇಳಿ?”

“ಮದುವಣಗಿತ್ತಿ!” ಎಂದು ಮಕ್ಕಳೆಲ್ಲ ಕೂಗಿದರು.

ನಾನು ಹಿಂದಿನ ಬಾಗಿಲಿಂದ ಹೊರಬಂದು, ಹುಲ್ಲಿನ ಮೇಲೆ ನಡೆದು ತೋಪಿಗೆ ಹೋದೆ. ಹಿಂದಿನ ದಿನ ಜೋರು ಮಳೆಯಾಗಿತ್ತು. ನೀಲಿ ಹಿಡಿಯ ಬಟ್ಟಲಿನಲ್ಲಿ ಒಂದು ಹನಿಯೂ ನಿಂತಿರಲಿಲ್ಲ.